ಸ್ಟಿಕರ್ ನಿಮ್ಮದಾದರೆ ಇ-ತ್ಯಾಜ್ಯದ ಲೆಕ್ಕವೂ ನಿಮ್ಮದೇ: ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಎಲೆಕ್ಟ್ರಾನಿಕ್ಸ್ ತಯಾರಕರಿಗೆ ಸಮಗ್ರ ಮಾರ್ಗದರ್ಶಿ

ಉದ್ಯಮಬಾಗದಲ್ಲಿ ಇನ್ವರ್ಟರ್ ಜೋಡಿಸುವವರನ್ನು ಕೇಳಿ. ಮಚ್ಛೆಯಲ್ಲಿ ಎಲ್‌ಇಡಿ ದೀಪ ಮಾಡುವವರನ್ನು ಕೇಳಿ. ವಿಜಯಪುರ ಎಪಿಎಂಸಿಯ ಅಂಗಡಿಗಳಿಗೆ ಎಲೆಕ್ಟ್ರಾನಿಕ್ ತೂಕದ ಯಂತ್ರ ಕೊಡುವವರನ್ನೂ ಕೇಳಿ. ಇ-ತ್ಯಾಜ್ಯದ ನಿಯಮ ಅಂದ ಕೂಡಲೇ ಉತ್ತರ ಹೆಚ್ಚುಕಡಿಮೆ ಒಂದೇ: "ಅದು ದೊಡ್ಡ ಕಂಪನಿಗಳ ತಲಿನೋವ್ರಿ, ನಮ್ದೇನು ಒಂದ್ ಶೆಡ್ಡು ಅಷ್ಟ."

ಕೆಲವರ ಮಟ್ಟಿಗೆ ಇದು ನಿಜ. ಇನ್ನು ಕೆಲವರಿಗೆ ಇದು ದುಬಾರಿಯಾಗುವ ನಂಬಿಕೆ. ನೀವು ಯಾವ ಗುಂಪಿಗೆ ಸೇರುತ್ತೀರಿ ಅನ್ನೋದು ಶೆಡ್ಡಿನ ಅಳತೆಯ ಮೇಲೆ ನಿಂತಿಲ್ಲ. ಪೆಟ್ಟಿಗೆ ಮೇಲೆ ಯಾರ ಹೆಸರು ಅಂಟಿಸಿದ್ದೀರಿ, ವರ್ಷಕ್ಕೆ ಎಷ್ಟು ಮಾರಿದ್ದೀರಿ, ಇವೆರಡರ ಮೇಲೆ ನಿಂತಿದೆ. ಹಾಗಾಗಿ ಪೋರ್ಟಲ್ ತೆರೆಯುವ ಮೊದಲು ಸ್ಟಿಕರ್ ನೋಡೋಣ.

ಈಗ ನಡೆಯುತ್ತಿರುವುದು 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು. 2022ರ ನವೆಂಬರ್ 2ರಂದು ಅಧಿಸೂಚನೆ ಬಂತು, 2023ರ ಏಪ್ರಿಲ್ 1ರಿಂದ ಜಾರಿ. ಇದಕ್ಕೂ ಮೊದಲು 2011ರದ್ದು, 2016ರದ್ದು ಇದ್ದವು. ಯಾರಾದರೂ ಹಳೇ ಪಿಡಿಎಫ್ ಹಿಡಿದುಕೊಂಡು "ಪಿಆರ್‌ಒ ಜೊತೆ ಒಪ್ಪಂದ ಮಾಡ್ಕೊಳ್ಳಿ, ಕಲೆಕ್ಷನ್ ಸೆಂಟರ್ ತೆರೀರಿ" ಅಂತ ಹೇಳಿದರೆ, ಅವರು 2016ರಲ್ಲೇ ನಿಂತಿದ್ದಾರೆ ಅಂತ ತಿಳಿಯಿರಿ. ಪಿಆರ್‌ಒ ಅಂದರೆ ಕಂಪನಿಗಳ ಪರವಾಗಿ ಹಳೇ ಮಾಲು ಸಂಗ್ರಹಿಸುವ ಸಂಸ್ಥೆ. ಹೊಸ ನಿಯಮದಲ್ಲಿ ಅದರ ಜೊತೆ ಒಪ್ಪಂದ ಕಡ್ಡಾಯ ಅಲ್ಲ, ನೆರವು ಪಡೆದರೂ ಹೊಣೆ ಪೂರ್ತಿ ನಿಮ್ಮದೇ. ಲೆಕ್ಕ ಈಗ ನೇರವಾಗಿ ನಿಮ್ಮ ಮತ್ತು ನೋಂದಾಯಿತ ರೀಸೈಕ್ಲರ್ ನಡುವೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್ ಮೂಲಕ.

ಹಂತ 1: ನಿಯಮದ ಕಣ್ಣಿಗೆ ನೀವು ಯಾರು?

ಎರಡು ಪಾತ್ರ ಸರಿಯಾಗಿ ಬೇರ್ಪಡಿಸಿಕೊಳ್ಳಿ. ಎಲ್ಲ ಗೊಂದಲ ಹುಟ್ಟೋದು ಇಲ್ಲೇ.

ವಸ್ತುವನ್ನು ಕೈಯಾರೆ ತಯಾರಿಸುವವರು ಮ್ಯಾನುಫ್ಯಾಕ್ಚರರ್. ಅದನ್ನು ತನ್ನ ಬ್ರ್ಯಾಂಡ್‌ನಲ್ಲಿ ಮಾರುವವರು ಪ್ರೊಡ್ಯೂಸರ್. ಬೇರೆಯವರಿಂದ ಮಾಡಿಸಿ ತನ್ನ ಹೆಸರು ಹಾಕಿ ಮಾರಿದರೂ ಪ್ರೊಡ್ಯೂಸರ್. ಹೊರದೇಶದಿಂದ ತರಿಸಿ ಮಾರಿದರೂ ಪ್ರೊಡ್ಯೂಸರ್, ಅಲ್ಲಿ ಬ್ರ್ಯಾಂಡ್ ಯಾರದ್ದು ಅನ್ನೋದು ಮುಖ್ಯ ಅಲ್ಲ.

ಉದಾಹರಣೆಗೆ, ನೀವು ಹೊನಗಾದಲ್ಲಿ ಕೂತು ಪುಣೆಯ ಕಂಪನಿಗೆ ಯುಪಿಎಸ್ ಜೋಡಿಸಿ ಕೊಡುತ್ತೀರಿ, ಸ್ಟಿಕರ್ ಅವರದ್ದು. ಆಗ ನೀವು ಮ್ಯಾನುಫ್ಯಾಕ್ಚರರ್ ಮಾತ್ರ. ನಿಮ್ಮ ಶೆಡ್ಡಿನಲ್ಲಿ ಹುಟ್ಟುವ ಕಸ ನಿಮ್ಮದು, ಯುಪಿಎಸ್ ಹಳೆಯದಾದ ಮೇಲಿನ ಹೊಣೆ ಪುಣೆಯವರದ್ದು. ಅದೇ ಯುಪಿಎಸ್‌ಗೆ ನಿಮ್ಮ ಮಗಳ ಹೆಸರಿಟ್ಟು ಊರಿನ ಅಂಗಡಿಗಳಿಗೆ ಹತ್ತಿಪ್ಪತ್ತು ಕೊಡಲು ಶುರು ಮಾಡಿದಿರಿ ಅನ್ನಿ. ಆ ದಿನದಿಂದ ನೀವು ಎರಡೂ. ಒಂದಕ್ಕಿಂತ ಹೆಚ್ಚು ಪಾತ್ರ ಇದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆ ನೋಂದಣಿ ಬೇಕು. ಒಂದರಲ್ಲಿ ಇನ್ನೊಂದು ಸೇರಿಹೋಗೋದಿಲ್ಲ.

ಹೆಸರಾಂತ ಬ್ರ್ಯಾಂಡ್‌ನ ಮಾಲನ್ನು ಇಲ್ಲಿಯ ವಿತರಕರಿಂದ ತಂದು ಖಡೇಬಜಾರದಲ್ಲಿ ಮಾರುವ ಅಂಗಡಿಯವರಿಗೆ ಈ ನೋಂದಣಿ ಇಲ್ಲ. ಅವರು ಇದನ್ನು ಇಲ್ಲಿಗೇ ಬಿಟ್ಟು ಚಹಾ ಕುಡಿಯಬಹುದು.

ಹಂತ 2: ನಿಮ್ಮ ಮಾಲು ಪಟ್ಟಿಯಲ್ಲಿದೆಯಾ?

ನಿಯಮಗಳ ಮೊದಲ ಅನುಸೂಚಿಯಲ್ಲಿ 106 ವಸ್ತುಗಳಿವೆ, ಏಳು ಗುಂಪುಗಳಲ್ಲಿ. 2016ರ ಪಟ್ಟಿಯಲ್ಲಿದ್ದದ್ದು 21. ಅಂದರೆ ಆಗ ಹೊರಗಿದ್ದ ಎಷ್ಟೋ ಮಾಲು ಈಗ ಒಳಗೆ ಬಂದಿದೆ. "ನಮ್ಮ ವಕೀಲರು ಆಗ ಬೇಡ ಅಂದಿದ್ರು" ಅನ್ನೋ ಮಾತು ಇವತ್ತು ಕೆಲಸಕ್ಕೆ ಬರೋದಿಲ್ಲ.

ಕಂಪ್ಯೂಟರ್, ಪ್ರಿಂಟರ್, ಮೊಬೈಲ್, ರೂಟರ್, ಯುಪಿಎಸ್, ಇನ್ವರ್ಟರ್ ಎಲ್ಲ ಮಾಹಿತಿ ತಂತ್ರಜ್ಞಾನದ ಗುಂಪಿನಲ್ಲಿವೆ. ಇನ್ವರ್ಟರ್ ಅಲ್ಲಿ ಯಾಕೆ ಕೂತಿದೆ ಅಂತ ಕೇಳಬೇಡಿ, ಕೂತಿದೆ. ಟಿವಿ, ಫ್ರಿಜ್, ಎಸಿ, ಆಂಪ್ಲಿಫೈಯರ್, ದೀಪಗಳು, ಸೋಲಾರ್ ಪ್ಯಾನೆಲ್ ಗ್ರಾಹಕ ಉಪಕರಣಗಳ ಗುಂಪಿನಲ್ಲಿವೆ. ಜಾತ್ರೆ-ಮದುವೆಗೆ ಸೌಂಡ್ ಸಿಸ್ಟಂ ಕಟ್ಟಿ ಸ್ವಂತ ಹೆಸರಲ್ಲಿ ಆಂಪ್ಲಿಫೈಯರ್ ಮಾರುವವರು ಇದನ್ನು ಇನ್ನೊಮ್ಮೆ ಓದಿಕೊಳ್ಳಿ. ಡ್ರಿಲ್, ವೆಲ್ಡಿಂಗ್ ಯಂತ್ರ, ಹೊಲಿಗೆ ಯಂತ್ರದಂಥವಕ್ಕೆ ಬೇರೆ ಗುಂಪಿದೆ. ಇಸ್ತ್ರಿಪೆಟ್ಟಿಗೆ, ಕೆಟಲ್, ಮೈಕ್ರೋವೇವ್ ಇನ್ನೊಂದರಲ್ಲಿ. ಆಟಿಕೆ, ವೈದ್ಯಕೀಯ ಉಪಕರಣಗಳೂ ಬಿಟ್ಟಿಲ್ಲ.

ನಮ್ಮ ಭಾಗದವರ ಕಣ್ಣು ತಪ್ಪುವುದು ಕೊನೆಯ ಗುಂಪು, ಅಂದರೆ ಪ್ರಯೋಗಾಲಯ ಉಪಕರಣಗಳು. ಹೆಸರು ನೋಡಿ ಇದು ಕಾಲೇಜಿನವರಿಗೆ ಅಂದುಕೊಂಡು ಮುಂದೆ ಹೋಗುತ್ತಾರೆ. ಆದರೆ ಥರ್ಮೋಸ್ಟಾಟ್, ತೂಕದ ಮತ್ತು ಅಳತೆಯ ಸಾಧನಗಳು, ಕೈಗಾರಿಕೆಯ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಳಸುವ ನಿಗಾ ಮತ್ತು ನಿಯಂತ್ರಣ ಉಪಕರಣಗಳು ಈ ಗುಂಪಿಗೋ ಬೇರೆ ಗುಂಪಿಗೋ ಸೇರಬಹುದು. ಜಮಖಂಡಿ, ಮುಧೋಳದ ಸಕ್ಕರೆ ಕಾರ್ಖಾನೆಗಳಿಗೆ, ಮಹಾಲಿಂಗಪುರದ ಬೆಲ್ಲದ ಅಡತಿಗಳಿಗೆ, ದ್ರಾಕ್ಷಿಯ ಕೋಲ್ಡ್ ಸ್ಟೋರೇಜ್‌ಗಳಿಗೆ ಇಂಥದ್ದು ಮಾಡಿಕೊಡುವವರು ಪಟ್ಟಿಯನ್ನು ಬೆರಳಿಟ್ಟು ಓದಬೇಕು. ತೂಕದ ಯಂತ್ರದವರಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಲೈಸೆನ್ಸ್ ಇದ್ದೇ ಇರುತ್ತದೆ. ಅದು ಬೇರೆ, ಇದು ಬೇರೆ. ಬಿಐಎಸ್ ನೋಂದಣಿಯ ಕಥೆಯೂ ಅಷ್ಟೇ: ಅದು ಸುರಕ್ಷತೆಗೆ, ಇದು ಕಸಕ್ಕೆ.

ಹಂತ 3: ಮೈಕ್ರೋ ಆಗಿದ್ದರೆ ನಿಮಗೆ ವಿನಾಯಿತಿ ಇದೆ

ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆ ಪ್ರಕಾರ ಮೈಕ್ರೋ ಉದ್ಯಮವಾಗಿದ್ದರೆ ಈ ನಿಯಮಗಳು ಅನ್ವಯಿಸುವುದಿಲ್ಲ. ಇದು ದೊಡ್ಡ ರಿಯಾಯಿತಿ, ಸದ್ದಿಲ್ಲದೆ ಒಂದು ಸಾಲಿನಲ್ಲಿ ಇದೆ. ಮೈಕ್ರೋ ಮಿತಿ ಮೊದಲು ಯಂತ್ರ ಹೂಡಿಕೆ 1 ಕೋಟಿ, ವಹಿವಾಟು 5 ಕೋಟಿ ಇತ್ತು. 2025ರ ಏಪ್ರಿಲ್ 1ರಿಂದ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ಆಗಿದೆ. ಎರಡೂ ಮಿತಿಯೊಳಗೆ ಇರಬೇಕು. ಒಂದು ದಾಟಿದರೂ ನೀವು ಮೈಕ್ರೋ ಅಲ್ಲ.

ಹಾಗಾಗಿ ಮೊದಲು ಉದ್ಯಮ್ ಪ್ರಮಾಣಪತ್ರ ತೆಗೆದು ನೋಡಿ. ಹೊಸ ಮಿತಿ ಬಂದ ಮೇಲೆ ಸ್ಮಾಲ್ ಇದ್ದ ಎಷ್ಟೋ ಯೂನಿಟ್‌ಗಳು ಮೈಕ್ರೋಗೆ ಇಳಿದಿರುತ್ತವೆ. ಪ್ರಮಾಣಪತ್ರದ ಪ್ರತಿಯನ್ನು ವರ್ಷವಾರು ಫೈಲ್ ಮಾಡಿಡಿ, ಯಾಕಂದರೆ ನಾಳೆ ನೋಟಿಸ್ ಬಂದರೆ ಕೇಳುವುದು "ಆ ವರ್ಷ ನೀವು ಏನಾಗಿದ್ರಿ" ಅಂತ.

ಎರಡು ಎಚ್ಚರಿಕೆ. ಈ ವಿನಾಯಿತಿ ಇ-ತ್ಯಾಜ್ಯದ ನಿಯಮದಿಂದ ಮಾತ್ರ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್ (ಘಟಕ ನಡೆಸಲು ಅನುಮತಿ) ಬೇಕಾದ ಘಟಕಕ್ಕೆ ಅದು ಬೇಕೇ ಬೇಕು. ಇನ್ನೊಂದು, ಬೆಳೆಯುತ್ತಿರುವ ಯೂನಿಟ್‌ನವರು ಒಂದು ಒಳ್ಳೆ ಟೆಂಡರ್ ಸಿಕ್ಕ ವರ್ಷ 10 ಕೋಟಿ ದಾಟಿಬಿಡುತ್ತಾರೆ, ಆಮೇಲೆ ಹಳೇ ವರ್ಷಗಳ ಮಾರಾಟದ ತೂಕ ಹುಡುಕಲು ಶುರು ಮಾಡುತ್ತಾರೆ, ಅಕೌಂಟೆಂಟ್ ಹತ್ತಿರ ರೂಪಾಯಿ ಲೆಕ್ಕ ಮಾತ್ರ ಇರುತ್ತದೆ, ಕೆಜಿ ಲೆಕ್ಕ ಯಾರ ಹತ್ತಿರವೂ ಇರೋದಿಲ್ಲ. ಮೈಕ್ರೋ ಆಗಿದ್ದರೂ ಹಂತ 5ರ ಪುಸ್ತಕ ಇವತ್ತೇ ಶುರು ಮಾಡಿ.

ಹಂತ 4: ಸೋಲ್ಡರ್‌ನಿಂದ ಶುರು ಮಾಡಿ ಮಾಲು ಶುದ್ಧ ಮಾಡಿ

ಇ-ತ್ಯಾಜ್ಯದ ನಿಯಮ ಅಂದರೆ ಬರೀ ಕಸದ ನಿಯಮ ಅಂದುಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ. ಮಾರುಕಟ್ಟೆಗೆ ಬರುವ ಹೊಸ ಉಪಕರಣದಲ್ಲಿ ಆರು ವಿಷ ವಸ್ತುಗಳು ಮಿತಿಯೊಳಗೆ ಇರಬೇಕು. ಸೀಸ, ಪಾದರಸ, ಹೆಕ್ಸಾವೇಲೆಂಟ್ ಕ್ರೋಮಿಯಂ, ಪಿಬಿಬಿ, ಪಿಬಿಡಿಇ (ಪ್ಲಾಸ್ಟಿಕ್‌ಗೆ ಬೆಂಕಿ ಹಿಡಿಯದಂತೆ ಸೇರಿಸುವ ಬ್ರೋಮಿನ್ ರಾಸಾಯನಿಕಗಳು) ಇವುಗಳಿಗೆ ತೂಕದ ಶೇ 0.1. ಕ್ಯಾಡ್ಮಿಯಂಗೆ ಇನ್ನೂ ಬಿಗಿ, ಶೇ 0.01. ವ್ಯಾಪಾರದಲ್ಲಿ ಇದನ್ನು ರೋಹ್ಸ್ ಅಂತಾರೆ.

ಈ ಶೇಕಡಾ ಲೆಕ್ಕ ಇಡೀ ಇನ್ವರ್ಟರ್ ತೂಕದ ಮೇಲೆ ಅಲ್ಲ. ಕತ್ತರಿಸಿ, ಉಜ್ಜಿ ಇನ್ನು ಬೇರ್ಪಡಿಸಲಾಗದ ಒಂದೊಂದು ಪದಾರ್ಥಕ್ಕೂ ಪ್ರತ್ಯೇಕ ಲೆಕ್ಕ. ಬೆಸುಗೆಯ ಬೊಟ್ಟು ಒಂದು ಪದಾರ್ಥ. ವೈರ್‌ನ ಪಿವಿಸಿ ಹೊದಿಕೆ ಇನ್ನೊಂದು. ಸ್ಕ್ರೂ ಮೇಲಿನ ಲೇಪನ ಮತ್ತೊಂದು. "ಹತ್ತು ಕೆಜಿ ಯಂತ್ರದಾಗ ಐದ್ ಗ್ರಾಂ ಸೀಸ, ಏನ್ ಮಹಾ?" ಅನ್ನೋ ಲೆಕ್ಕ ನಡೆಯೋದಿಲ್ಲ.

ಈಗ ಬೆಂಚಿನ ಮೇಲೆ ನೋಡಿ. ಸೋಲ್ಡರ್ ರೀಲ್ ಮೇಲೆ 63/37 ಅಂತ ಇದೆಯಾ? ಅಂದರೆ ಶೇ 63 ತವರ, ಶೇ 37 ಸೀಸ. ಮಿತಿ ಶೇ 0.1. ಮುಂದೆ ಹೇಳಬೇಕಾದ್ದೇನಿಲ್ಲ. ಬದಲಿಗೆ ಬಳಸುವುದು ಸೀಸರಹಿತ ಸೋಲ್ಡರ್, ಹೆಚ್ಚಾಗಿ ಎಸ್‌ಎಸಿ305: ಶೇ 96.5 ತವರ, ಶೇ 3 ಬೆಳ್ಳಿ, ಶೇ 0.5 ತಾಮ್ರ. ಬೆಳ್ಳಿ ಇರುವುದರಿಂದ ದರ ಜಾಸ್ತಿ, ಅದನ್ನು ಮುಚ್ಚಿಡುವುದು ಬೇಡ. ತವರ-ತಾಮ್ರದ ಬೆಳ್ಳಿ ಇಲ್ಲದ ಸೋಲ್ಡರ್‌ಗಳೂ ಸಿಗುತ್ತವೆ, ಸಾದಾ ಬೋರ್ಡ್‌ಗಳಿಗೆ ಅವೇ ಸಾಕಾಗುವುದುಂಟು.

ಬದಲಾವಣೆ ಮಾಡುವಾಗ ಹುಡುಗರು ಗೊಣಗುತ್ತಾರೆ, ಕಾರಣವೂ ಇದೆ. 63/37 ಕರಗುವುದು 183 ಡಿಗ್ರಿಗೆ, ಎಸ್‌ಎಸಿ305 ಕರಗಲು ಶುರುವಾಗುವುದೇ 217ರ ಹತ್ತಿರ. ಐರನ್ ಬಿಸಿ ಹೆಚ್ಚಿಸಬೇಕು, ಬಿಟ್ ಬೇಗ ಕಪ್ಪಾಗುತ್ತದೆ, ಅಗ್ಗದ ಐರನ್ ತಡೆಯುವುದಿಲ್ಲ. ಜಾಯಿಂಟ್ ಹೊಳೆಯುವುದಿಲ್ಲ, ಸ್ವಲ್ಪ ಮಂಕಾಗಿ ಕಾಣುತ್ತದೆ. ಹಳೇ ಟೆಕ್ನಿಷಿಯನ್ ಅದನ್ನು ನೋಡಿ "ಡ್ರೈ ಸೋಲ್ಡರ್" ಅಂತ ಮತ್ತೆ ಮತ್ತೆ ಕಾಯಿಸಿ ಪ್ಯಾಡ್ ಕಿತ್ತುಬಿಡುತ್ತಾನೆ. ಮೊದಲೇ ಒಂದು ಸರಿಯಾದ ಬೋರ್ಡ್ ಮಾದರಿ ತೋರಿಸಿ, ಮಂಕಾಗಿ ಕಂಡರೂ ಒಳ್ಳೆ ಜಾಯಿಂಟ್ ಹೀಗಿರುತ್ತದೆ ಅಂತ ಹೇಳಿಕೊಡಿ.

ಇದಕ್ಕಿಂತ ದೊಡ್ಡ ಅಪಾಯ ಬೆರಕೆ. ಎರಡೂ ಬಗೆಯ ಸೋಲ್ಡರ್ ಒಂದೇ ಬೆಂಚಿನಲ್ಲಿ ಇಟ್ಟರೆ ಒಂದಲ್ಲ ಒಂದು ದಿನ ಬೆರೆತೇ ಬೆರೆಯುತ್ತದೆ. ರಿಪೇರಿಗೆ ಬಂದ ಹಳೇ ಮಾಲಿಗೆ ಸೀಸದ ಸೋಲ್ಡರ್ ಬಳಸುತ್ತೀರಾ? ಹಾಗಾದರೆ ಬೆಂಚು, ಬಿಟ್, ಸ್ಪಾಂಜ್ ಎಲ್ಲ ಬೇರೆ ಇಡಿ, ಬಣ್ಣದ ಟೇಪ್ ಸುತ್ತಿ. 2014ರ ಮೇ 1ಕ್ಕೂ ಮೊದಲು ಮಾರುಕಟ್ಟೆಗೆ ಬಂದ ಉಪಕರಣಗಳ ಬಿಡಿಭಾಗಗಳಿಗೆ, ರೋಹ್ಸ್ ಪ್ರಕಾರದ ಭಾಗ ಸಿಗದಿದ್ದರೆ, ವಿನಾಯಿತಿ ಇದೆ. ವೇವ್ ಸೋಲ್ಡರಿಂಗ್ ಪಾಟ್ ಇರುವವರು ಹಳೇ ಪಾಟ್‌ಗೇ ಹೊಸ ಸೋಲ್ಡರ್ ಸುರಿಯಬೇಡಿ, ತಳದಲ್ಲಿ ಉಳಿದ ಸೀಸವೇ ಮಿತಿ ದಾಟಿಸುತ್ತದೆ.

ಇನ್ನು ಉಳಿದದ್ದು. ಕ್ಯಾಬಿನೆಟ್ ಮತ್ತು ಸ್ಕ್ರೂಗಳಿಗೆ ಮಾಡಿಸುವ ಹಳದಿ ಜಿಂಕ್ ಪ್ಯಾಸಿವೇಶನ್‌ನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುವುದು ಸಾಮಾನ್ಯ. ಪ್ಲೇಟಿಂಗ್‌ನವರಿಗೆ "ಟ್ರೈವೇಲೆಂಟ್ ಮಾಡಿ" ಅಂತ ಆರ್ಡರ್‌ನಲ್ಲೇ ಬರೆದುಕೊಡಿ, ಬಾಯಿಮಾತು ಸಾಲದು. ಅಗ್ಗದ ಪಿವಿಸಿ ವೈರ್‌ನಲ್ಲಿ ಸೀಸದ ಸ್ಟೆಬಿಲೈಸರ್ ಇರಬಹುದು. ಲೋಹಗಳಿಗೆ ಕೆಲವು ರಿಯಾಯಿತಿ ಇವೆ: ತಾಮ್ರದ ಮಿಶ್ರಲೋಹದಲ್ಲಿ ಶೇ 4ರವರೆಗೆ, ಉಕ್ಕಿನಲ್ಲಿ ಶೇ 0.35, ಅಲ್ಯೂಮಿನಿಯಂನಲ್ಲಿ ಶೇ 0.4 ಸೀಸ ನಡೆಯುತ್ತದೆ. ಹಾಗಾಗಿ ಉದ್ಯಮಬಾಗದಲ್ಲೇ ಟರ್ನ್ ಮಾಡಿಸಿದ ಹಿತ್ತಾಳೆ ಟರ್ಮಿನಲ್ ಬಗ್ಗೆ ಸುಮ್ನೆ ಗಾಬರಿ ಬೇಡ.

ಕಾಗದದ ಕೆಲಸ ಹೀಗೆ ಮಾಡಿ. ನಿಮ್ಮ ಬಿಡಿಭಾಗಗಳ ಪಟ್ಟಿ ತೆಗೆದು, ಪ್ರತಿ ಸಾಲಿನ ಮುಂದೆ ಪೂರೈಕೆದಾರರ ರೋಹ್ಸ್ ಘೋಷಣೆ ಇಡಿ, ಅದರಲ್ಲಿ ಭಾಗದ ನಂಬರ್ ಇರಲಿ. "ನಮ್ಮ ಎಲ್ಲ ಮಾಲೂ ರೋಹ್ಸ್ ಇದೆ" ಅನ್ನುವ ಒಂದು ಸಾಲಿನ ಲೆಟರ್‌ಹೆಡ್ ನಂಬಬೇಡಿ. ಸಂಶಯ ಇದ್ದದ್ದಕ್ಕೆ ಎಕ್ಸ್‌ಆರ್‌ಎಫ್ (ಎಕ್ಸ್-ರೇ ಹಾಯಿಸಿ ಯಾವ ಧಾತು ಎಷ್ಟಿದೆ ಅಂತ ನೋಡುವ) ತಪಾಸಣೆ ಮಾಡಿಸಿ. ಆದರೆ ಎಕ್ಸ್‌ಆರ್‌ಎಫ್ ಒಟ್ಟು ಕ್ರೋಮಿಯಂ, ಒಟ್ಟು ಬ್ರೋಮಿನ್ ಮಾತ್ರ ತೋರಿಸುತ್ತದೆ, ಅದು ನಿಷೇಧಿತ ರೂಪದ್ದೋ ಅಲ್ಲವೋ ಅಂತ ಹೇಳುವುದಿಲ್ಲ. ಅದು ಹೆಚ್ಚು ಬಂದರೆ ಮಾತ್ರ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬ್‌ಗೆ ಕಳಿಸಿ. ಕೇಂದ್ರ ಮಂಡಳಿ ಮಾರುಕಟ್ಟೆಯಿಂದ ಸ್ಯಾಂಪಲ್ ಎತ್ತಿ ಪರೀಕ್ಷೆ ಮಾಡಿಸಬಹುದು. ಫೇಲ್ ಆದರೆ ಮಾಲು ವಾಪಸ್ ತರಿಸಬೇಕಾಗುತ್ತದೆ. ಸೋಲ್ಡರ್‌ನಲ್ಲಿ ಉಳಿಸಿದ ದುಡ್ಡು ಅಲ್ಲಿ ಲಾರಿ ಬಾಡಿಗೆಗೂ ಸಾಲದು.

ಹಂತ 5: ಕೆಜಿ ಪುಸ್ತಕ

ಜಿಎಸ್‌ಟಿಗೆ ರೂಪಾಯಿ ಸಾಕು. ಇಲ್ಲಿ ಎಲ್ಲವೂ ತೂಕ. ಪ್ರತಿ ಮಾಡೆಲ್ ಒಂದನ್ನು ತಕ್ಕಡಿಗೆ ಹಾಕಿ, ಪ್ಯಾಕಿಂಗ್ ಬಿಟ್ಟು, ಬ್ಯಾಟರಿ ಬಿಟ್ಟು ತೂಕ ಬರೆಯಿರಿ. ವಿನ್ಯಾಸ ಬದಲಾದರೆ ಹೊಸ ತೂಕ, ತಾರೀಖು ಸಹಿತ. ಮಾರಾಟದ ಸಂಖ್ಯೆಗೆ ಗುಣಿಸಿದರೆ ಆಯಿತು. ಟ್ಯಾಲಿಯಲ್ಲಿ ಐಟಂ ಜೊತೆಗೇ ತೂಕ ಸೇರಿಸಿಟ್ಟರೆ ವರ್ಷದ ಕೊನೆಗೆ ಅರ್ಧ ಗಂಟೆಯ ಕೆಲಸ. ಸೇರಿಸದಿದ್ದರೆ ಏನಾಗುತ್ತದೆ ಅಂತ ನಿಮ್ಮ ಅಕೌಂಟೆಂಟ್ ಮುಖ ನೋಡಿ ತಿಳಿಯಬೇಕು.

ಹಂತ 6: ನೋಂದಣಿ

ಪ್ರೊಡ್ಯೂಸರ್, ಮ್ಯಾನುಫ್ಯಾಕ್ಚರರ್, ರಿಫರ್ಬಿಷರ್ (ಹಳೇ ಮಾಲು ರಿಪೇರಿ ಮಾಡಿ ಮತ್ತೆ ಬಳಕೆಗೆ ತರುವವರು), ರೀಸೈಕ್ಲರ್ ಎಲ್ಲರೂ ಕೇಂದ್ರ ಮಂಡಳಿಯ ಇ-ತ್ಯಾಜ್ಯ ಇಪಿಆರ್ ಪೋರ್ಟಲ್‌ನಲ್ಲೇ ನೋಂದಾಯಿಸಬೇಕು. ಇಪಿಆರ್ ಅಂದರೆ ಮಾರಿದ ಮಾಲು ಹಳೆಯದಾದ ಮೇಲೂ ಉಳಿಯುವ ಹೊಣೆ. ಪ್ಯಾನ್, ಜಿಎಸ್‌ಟಿ, ಕಂಪನಿಯಾದರೆ ಸಿಐಎನ್, ಆಮದು ಇದ್ದರೆ ಆಮದು-ರಫ್ತು ಕೋಡ್, ಅಧಿಕೃತ ವ್ಯಕ್ತಿಯ ವಿವರ, ವರ್ಷವಾರು ಮಾರಾಟ, ರೋಹ್ಸ್ ಘೋಷಣೆ, ಫ್ಯಾಕ್ಟರಿ ಇದ್ದರೆ ಕನ್ಸೆಂಟ್ ಪ್ರತಿ. ಇಷ್ಟನ್ನು ಸ್ಕ್ಯಾನ್ ಮಾಡಿಟ್ಟುಕೊಂಡು ಕೂರಿ. ಪ್ಯಾನ್‌ನಲ್ಲಿ ಒಂದು ಹೆಸರು, ಜಿಎಸ್‌ಟಿಯಲ್ಲಿ ಇನ್ನೊಂದು ಸ್ಪೆಲ್ಲಿಂಗ್ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ.

ಅಧಿಕೃತ ವ್ಯಕ್ತಿಯ ಮೊಬೈಲ್ ಮತ್ತು ಮೇಲ್ ನಿಮ್ಮದೇ ಇರಲಿ. ಕನ್ಸಲ್ಟಂಟ್ ನಂಬರ್ ಕೊಟ್ಟರೆ ನೋಟಿಸ್ ಅವನಿಗೆ ಹೋಗುತ್ತದೆ, ದಂಡ ನಿಮಗೆ ಬರುತ್ತದೆ. ಕನ್ಸೆಂಟ್ ಬಗ್ಗೆ ಸಂಶಯ ಇದ್ದರೆ ರಾಜ್ಯ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಕೇಳಿ, ಬೆಂಗಳೂರಿಗೆ ಓಡುವ ಅಗತ್ಯ ಇಲ್ಲ.

ಹಂತ 7: ಈ ವರ್ಷ ಎಷ್ಟು ಟನ್ ನಿಮ್ಮ ಪಾಲು?

ನೀವು ಪ್ರೊಡ್ಯೂಸರ್ ಆಗಿದ್ದರೆ ಮಾತ್ರ ಈ ಹಂತ.

ಪ್ರತಿ ವಸ್ತುವಿಗೂ ಕೇಂದ್ರ ಮಂಡಳಿ ಒಂದು ಸರಾಸರಿ ಆಯುಷ್ಯ ಕೊಟ್ಟಿದೆ. ಆಯುಷ್ಯ 10 ವರ್ಷ ಅಂದರೆ, 10 ವರ್ಷದ ಹಿಂದೆ ಮಾರಿದ ಮಾಲು ಈ ವರ್ಷ ಕಸವಾಯಿತು ಅನ್ನೋದು ಲೆಕ್ಕ. ಅದರಲ್ಲಿ ಎಷ್ಟು ಪಾಲು ನಿಮ್ಮ ಹೊಣೆ? 2023-24 ಮತ್ತು 2024-25ಕ್ಕೆ ಶೇ 60, 2025-26 ಮತ್ತು 2026-27ಕ್ಕೆ ಶೇ 70, 2027-28ರಿಂದ ಶೇ 80.

ನಿಮ್ಮ ವ್ಯಾಪಾರ ಆ ಆಯುಷ್ಯಕ್ಕಿಂತ ಚಿಕ್ಕದಾಗಿದ್ದರೆ ಸುಲಭದ ಲೆಕ್ಕ: ಎರಡು ವರ್ಷ ಹಿಂದಿನ ಮಾರಾಟದ ಶೇ 20. 2024-25ರಲ್ಲಿ 12 ಟನ್ ದೀಪ ಮಾರಿದ್ದರೆ 2026-27ಕ್ಕೆ 2.4 ಟನ್. ಕೇಳಲು ಹಗುರ. ಆದರೆ ನಿಮ್ಮ ವ್ಯಾಪಾರದ ವಯಸ್ಸು ಮಾಲಿನ ಆಯುಷ್ಯ ಮುಟ್ಟಿದ ವರ್ಷ ಶೇ 20 ಹೋಗಿ ಒಮ್ಮೆಲೇ ಮೇಲಿನ ಶೇ 70 ಅಥವಾ 80 ಬರುತ್ತದೆ. ಆ ವರ್ಷ ಯಾವುದು ಅಂತ ಇವತ್ತೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಮಾಲೀಕರಿಗೆ ಯಾರೂ ಹೇಳದ ವಿಷಯ ಅಂದರೆ ಇದೇ.

ಬಳಸಿದ ಹಳೇ ಉಪಕರಣ ಆಮದು ಮಾಡುವವರಿಗೆ ಹೊಣೆ ಶೇ 100.

ಹಂತ 8: ಪ್ರಮಾಣಪತ್ರ ಕೊಳ್ಳುವುದು

ನೀವೇ ಮನೆಮನೆಗೆ ಹೋಗಿ ಹಳೇ ದೀಪ ಆರಿಸಬೇಕಿಲ್ಲ. ನೋಂದಾಯಿತ ರೀಸೈಕ್ಲರ್ ಕಸ ಒಡೆದು ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ತೆಗೆದಂತೆ ಪೋರ್ಟಲ್‌ನಲ್ಲಿ ಇಪಿಆರ್ ಪ್ರಮಾಣಪತ್ರ ಹುಟ್ಟುತ್ತದೆ. ನೀವು ಅದನ್ನು ಕೊಂಡು ನಿಮ್ಮ ಗುರಿಗೆ ಹೊಂದಿಸುತ್ತೀರಿ. ವ್ಯವಹಾರ ಪೋರ್ಟಲ್‌ನಲ್ಲೇ ಆಗಬೇಕು. ವಾಟ್ಸಾಪ್‌ನಲ್ಲಿ ಬಂದ "ರೀಸೈಕ್ಲಿಂಗ್ ಸರ್ಟಿಫಿಕೇಟ್" ಪಿಡಿಎಫ್‌ಗೆ ಫ್ರೇಮ್ ಹಾಕಿಸಬಹುದು, ಲೆಕ್ಕಕ್ಕೆ ಬರೋದಿಲ್ಲ.

ಬೇಕಾದಷ್ಟು ಕೊಂಡು ಕೂಡಿಡುವಂತಿಲ್ಲ. ಈ ವರ್ಷದ ಹೊಣೆ, ಹಿಂದಿನ ಬಾಕಿ, ಜೊತೆಗೆ ಈ ವರ್ಷದ್ದರ ಶೇ 5, ಅಷ್ಟೇ ಮಿತಿ. ಪ್ರಮಾಣಪತ್ರ ಹುಟ್ಟಿದ ಹಣಕಾಸು ವರ್ಷ ಮುಗಿದ ಮೇಲೆ ಎರಡು ವರ್ಷ ಮಾತ್ರ ಬದುಕಿರುತ್ತದೆ.

ದರಕ್ಕೂ ಕಟ್ಟು ಇದೆ. ಗುರಿ ತಪ್ಪಿದವರು ಕಟ್ಟಬೇಕಾದ ಪರಿಸರ ಪರಿಹಾರ ದರದ ಶೇ 30ಕ್ಕಿಂತ ಕಡಿಮೆಗೆ ಇಲ್ಲ, ಶೇ 100ಕ್ಕಿಂತ ಜಾಸ್ತಿಗೆ ಇಲ್ಲ. ಗ್ರಾಹಕ ಉಪಕರಣಗಳಿಗೆ ಕನಿಷ್ಠ ಕೆಜಿಗೆ 22 ರೂಪಾಯಿ, ಸ್ಮಾರ್ಟ್‌ಫೋನ್‌ಗೆ 34. ಮೇಲಿನ ದೀಪದವರ 2.4 ಟನ್‌ಗೆ ಕನಿಷ್ಠ 52,800 ರೂಪಾಯಿ ಆಯಿತು. ಈ ಕನಿಷ್ಠ ದರದ ವಿರುದ್ಧ ದೊಡ್ಡ ಎಸಿ, ಟಿವಿ ಕಂಪನಿಗಳು ದೆಹಲಿ ಹೈಕೋರ್ಟ್ ಮೆಟ್ಟಿಲೇರಿವೆ. ಅವರ ಕೇಸ್ ಮುಗಿಯಲಿ ಅಂತ ನೀವು ಕಾಯಬೇಡಿ, ಅವರ ಹತ್ತಿರ ವಕೀಲರ ಸಾಲೇ ಇದೆ.

ಕೊನೆ ತಿಂಗಳಿಗೆ ಬಿಡಬೇಡಿ. ಮಾರ್ಚ್‌ನಲ್ಲಿ ಎಲ್ಲರೂ ಒಟ್ಟಿಗೆ ಬಂದರೆ ದರ ಯಾವ ಕಡೆ ಹೋಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ?

ರಿಪೇರಿಗೂ ಬೆಲೆ ಇದೆ ಇಲ್ಲಿ. ನೋಂದಾಯಿತ ರಿಫರ್ಬಿಷರ್ ಮೂಲಕ ಹಳೇ ಮಾಲಿಗೆ ಮರುಜೀವ ಕೊಡಿಸಿ ಆ ಪ್ರಮಾಣಪತ್ರ ಪಡೆದರೆ ಅಷ್ಟು ಹೊಣೆ ಮುಂದಕ್ಕೆ ಹೋಗುತ್ತದೆ, ಮುಂದೆ ಬಂದಾಗ ಅದರ ಶೇ 75 ಮಾತ್ರ ಲೆಕ್ಕ. ಸರ್ವಿಸ್ ಜಾಲ ಚೆನ್ನಾಗಿರುವ ಇನ್ವರ್ಟರ್‌ನವರಿಗೆ ಇದು ನಿಜವಾದ ಲಾಭ, ಆದರೆ ಇದರ ಕಡೆ ನೋಡುವವರು ಕಡಿಮೆ.

ಹಂತ 9: ಶೆಡ್ಡಿನ ಮೂಲೆಯ ಗೋಣಿಚೀಲ

ಜೋಡಿಸುವಾಗ ಸುಟ್ಟ ಬೋರ್ಡ್, ರಿಜೆಕ್ಟ್ ಆದ ಮಾಲು, ರಿಪೇರಿಯಲ್ಲಿ ಕಿತ್ತು ಹಾಕಿದ ಭಾಗ ಎಲ್ಲವೂ ನಿಯಮದ ಪ್ರಕಾರ ಇ-ತ್ಯಾಜ್ಯವೇ. ಮ್ಯಾನುಫ್ಯಾಕ್ಚರರ್ ಪಾತ್ರದ ಮುಖ್ಯ ಕೆಲಸ ಇದು. ಆ ಚೀಲ ಭಂಗಾರದವನ (ಗುಜರಿಯವನ) ಗಾಡಿಗೆ ಹೋಗಬಾರದು.

ಇದನ್ನು ಹೇಳಿದಾಗ ಕೇಳುವ ಮಾತು: "ಅಂವ ರೊಕ್ಕಾ ಕೊಡ್ತಾನ್ರಿ, ನೀವು ಹೇಳಿದಾಂವ ಅಷ್ಟ ಕೊಡ್ತಾನೇನು?" ಕೊಡದೇ ಇರಬಹುದು. ಆದರೆ ಬಯಲಲ್ಲಿ ವೈರ್ ಸುಟ್ಟು ತಾಮ್ರ ತೆಗೆಯುವ, ಆಸಿಡ್‌ನಲ್ಲಿ ಬೋರ್ಡ್ ಅದ್ದುವ ಜಾಗಕ್ಕೆ ನಿಮ್ಮ ಹೆಸರಿನ ಸ್ಟಿಕರ್ ಸಮೇತ ಮಾಲು ತಲುಪಿದರೆ, ಅದು ಎಲ್ಲಿಂದ ಬಂತು ಅಂತ ಹುಡುಕುವುದು ಕಷ್ಟವಲ್ಲ.

ಹೀಗೆ ಮಾಡಿ. ಮುಚ್ಚಳ ಇರುವ ಡ್ರಮ್, ಮೇಲೆ ಹೆಸರು, ಮಳೆ ತಾಗದ ಜಾಗ, ಒಂದು ರಿಜಿಸ್ಟರ್. ಸಂಗ್ರಹಕ್ಕೆ 180 ದಿನ ಮಿತಿ. ವಿಶೇಷ ಕಾರಣ ಇದ್ದರೆ 365ರವರೆಗೆ ಅನುಮತಿ ಸಿಗಬಹುದು. ಒಂದೇ ಎಸ್ಟೇಟ್‌ನ ನಾಲ್ಕಾರು ಯೂನಿಟ್‌ನವರು ಮಾತಾಡಿಕೊಂಡು ನೋಂದಾಯಿತ ರೀಸೈಕ್ಲರ್‌ನ ಗಾಡಿಯನ್ನು ಒಂದೇ ದಿನ ಕರೆಸಿದರೆ ಸಾಗಾಟದ ಖರ್ಚು ಹಂಚಿಹೋಗುತ್ತದೆ. ಬಿಲ್ಲು ಮಾತ್ರ ಪ್ರತಿಯೊಬ್ಬರಿಗೂ ಬೇರೆ ಇರಲಿ. ಗಾಡಿ ಬರುವ ಮೊದಲು ಆ ರೀಸೈಕ್ಲರ್ ನೋಂದಣಿ ಜೀವಂತ ಇದೆಯಾ ಅಂತ ಪೋರ್ಟಲ್‌ನಲ್ಲಿ ನೋಡಿ.

ಹಂತ 10: ರಿಟರ್ನ್ ಮತ್ತು ಜಾಗೃತಿ

ಮೂರು ತಿಂಗಳಿಗೊಮ್ಮೆ ಮತ್ತು ವರ್ಷಕ್ಕೊಮ್ಮೆ, ಅವಧಿ ಮುಗಿದ ಮುಂದಿನ ತಿಂಗಳ ಕೊನೆಯೊಳಗೆ. ಏಪ್ರಿಲ್-ಜೂನ್ ಲೆಕ್ಕ ಜುಲೈ 31ಕ್ಕೆ. ಮಾರಾಟ ಸೊನ್ನೆ ಇದ್ದರೂ ಹಾಕಿ. ಜಿಎಸ್‌ಟಿ ಅಂಕಿಗೂ ಇದಕ್ಕೂ ತಾಳೆ ಆಗಲಿ.

ಪ್ರೊಡ್ಯೂಸರ್ ಗ್ರಾಹಕರಿಗೆ ತಿಳಿವಳಿಕೆಯನ್ನೂ ಕೊಡಬೇಕು. ಡಬ್ಬಿಯೊಳಗೆ ಒಂದು ಚೀಟಿ ಹಾಕಿ, ಹಳೆಯದನ್ನು ಎಲ್ಲಿ ಕೊಡಬೇಕು ಅಂತ ಕನ್ನಡದಲ್ಲಿ ಬರೆಯಿರಿ, ಬೆಳಗಾವಿ ಗಡಿಭಾಗದಲ್ಲಿ ಮಾರುವವರು ಹಿಂಬದಿಗೆ ಮರಾಠಿಯನ್ನೂ ಸೇರಿಸಿ. ಇಂಗ್ಲಿಷ್ ಚೀಟಿ ಡಬ್ಬಿಯಲ್ಲೇ ಉಳಿಯುತ್ತದೆ.

ತಪ್ಪಿದರೆ

ಗುರಿ ಮುಟ್ಟದ ಪಾಲಿಗೆ ಪರಿಸರ ಪರಿಹಾರ ಕಟ್ಟಬೇಕು. ಕಟ್ಟಿದ ಮಾತ್ರಕ್ಕೆ ಹೊಣೆ ತೀರುವುದಿಲ್ಲ, ಅದು ಮೂರು ವರ್ಷದವರೆಗೆ ಬೆನ್ನ ಹಿಂದೆ ಬರುತ್ತದೆ. ಒಂದು ವರ್ಷದೊಳಗೆ ಬಾಕಿ ಪೂರೈಸಿದರೆ ಕಟ್ಟಿದ್ದರಲ್ಲಿ ಶೇ 85 ವಾಪಸ್, ಎರಡು ವರ್ಷದೊಳಗೆ ಶೇ 60, ಮೂರರೊಳಗೆ ಶೇ 30. ಆಮೇಲೆ ಏನೂ ಇಲ್ಲ. ಸುಳ್ಳು ಮಾಹಿತಿ ಕೊಟ್ಟರೆ ಮೂರು ವರ್ಷದವರೆಗೆ ನೋಂದಣಿ ರದ್ದಾಗಬಹುದು. ಇದರ ಮೇಲೆ ಪರಿಸರ ಸಂರಕ್ಷಣಾ ಕಾಯ್ದೆ ಇದೆ. 2024ರ ಏಪ್ರಿಲ್‌ನಿಂದ ಜೈಲಿನ ಜಾಗಕ್ಕೆ ದಂಡ ಬಂದಿದೆ, 10 ಸಾವಿರದಿಂದ 15 ಲಕ್ಷದವರೆಗೆ.

ಬ್ಯಾಟರಿ, ಪ್ಯಾನೆಲ್, ಪ್ಯಾಕಿಂಗ್

ಬ್ಯಾಟರಿ ಈ ನಿಯಮದೊಳಗೆ ಬರುವುದಿಲ್ಲ, ಅದಕ್ಕೆ 2022ರದ್ದೇ ಬೇರೆ ಬ್ಯಾಟರಿ ತ್ಯಾಜ್ಯ ನಿಯಮ, ಬೇರೆ ನೋಂದಣಿ. ನಿಮ್ಮ ಬ್ರ್ಯಾಂಡ್‌ನ ತೂಕದ ಯಂತ್ರದ ಹೊಟ್ಟೆಯೊಳಗೆ ಚಿಕ್ಕ ಬ್ಯಾಟರಿ ಕೂತಿದ್ದರೂ ಆ ನಿಯಮ ಓದಲೇಬೇಕು. ಪ್ಯಾಕಿಂಗ್ ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ತ್ಯಾಜ್ಯ ನಿಯಮ. ಸೋಲಾರ್ ಪ್ಯಾನೆಲ್ ಇ-ತ್ಯಾಜ್ಯದ ಪಟ್ಟಿಯಲ್ಲೇ ಇದೆ, ಆದರೆ ಅದಕ್ಕೆ ಬೇರೆ ಅಧ್ಯಾಯ: 2034-35ರವರೆಗೆ ಹಳೇ ಪ್ಯಾನೆಲ್ ಸಂಗ್ರಹಿಸಿಡಬೇಕು, ಲೆಕ್ಕ ಸಲ್ಲಿಸಬೇಕು.

ಹಂತ 11: ದರದಲ್ಲಿ ಸೇರಿಸಿ

ಬಹಳ ಜನ ಇದನ್ನು ವರ್ಷದ ಕೊನೆಯ ಖರ್ಚು ಅಂತ ನೋಡುತ್ತಾರೆ. ನನ್ನ ಪ್ರಕಾರ ಇದು ಮಾಲಿನ ಖರ್ಚು, ಸೋಲ್ಡರ್ ಇದ್ದ ಹಾಗೆ. 3 ಕೆಜಿಯ ಬೀದಿದೀಪ ಒಂದನ್ನು ತೆಗೆದುಕೊಳ್ಳಿ. ಮುಂದೆ ಬರುವ ಶೇ 80 ಹಿಡಿದರೆ 2.4 ಕೆಜಿ, ಕನಿಷ್ಠ 22 ರೂಪಾಯಿಯಂತೆ 52 ರೂಪಾಯಿ 80 ಪೈಸೆ. ಗರಿಷ್ಠ ದರ ಇದರ ಮೂರು ಪಟ್ಟಿಗಿಂತ ಜಾಸ್ತಿ ಇರಬಹುದು, ಹಾಗಾಗಿ ಸ್ವಲ್ಪ ಕೈ ಬಿಗಿ ಹಿಡಿದು ದೀಪಕ್ಕೆ 80-100 ರೂಪಾಯಿ ಬದಿಗಿಡುವುದು ಒಳ್ಳೆಯದು. ಪಾಲಿಕೆ, ಪುರಸಭೆಯ ದೀಪದ ಟೆಂಡರ್‌ಗೆ ದರ ಬರೆಯುವಾಗ ಈ ನೂರು ರೂಪಾಯಿ ಸೇರಿಸಿ ಬರೆಯಿರಿ. ವರ್ಷದಲ್ಲಿ ಕನಿಷ್ಠ ಸಾವಿರ ಉಪಕರಣ ಬಳಸುವ ವಿಶ್ವವಿದ್ಯಾಲಯ, ಆಸ್ಪತ್ರೆ, ಕಾರ್ಖಾನೆಗಳು ನಿಯಮದಲ್ಲಿ ಬಲ್ಕ್ ಕನ್ಸ್ಯೂಮರ್. ಅವರು ಹಳೇ ಮಾಲನ್ನು ನೋಂದಾಯಿತರಿಗೇ ಕೊಡಬೇಕು. ಅಂಥವರ ಕೊಟೇಶನ್‌ನಲ್ಲಿ ನಿಮ್ಮ ಇಪಿಆರ್ ನೋಂದಣಿ ಸಂಖ್ಯೆ ಮೊದಲ ಪುಟದಲ್ಲೇ ಬರಲಿ, ಪಕ್ಕದ ಶೆಡ್ಡಿನವನ ಹತ್ತಿರ ಅದು ಇನ್ನೂ ಇರಲಿಕ್ಕಿಲ್ಲ.